ಜಗದೀಶಚಂದ್ರ ಬೋಸರು ಮತ್ತು ನಮ್ಮ ಮನೆಯ ಟ್ರಾನ್ಸಿಸ್ಟರು



ಈ ಸಲದ ಗೋಡೆ ಪತ್ರಿಕೆಯೊಳಗ ನನ್ನ ಲೇಖನ ಯಾಕ ಬಂತು ಅನ್ನೋದನ್ನು ಮೊದಲು ಹೇಳಿಬಿಡತೇನಿ. ಫೆಬ್ರವರಿ 28ರ ವಿಜ್ಞಾನ ದಿನದಂದು ಪ್ರಾರ್ಥನೆ ಮುಗಿದ ಮೇಲೆ ನಾನು ಮಾತಾಡಿದ್ದು ನಿಮಗೆ ನೆನಪಿರಬಹುದು. ಟ್ರಾನ್ಸಿಸ್ಟರನ್ನು ಕಂಡುಹಿಡಿದವರು ನಮ್ಮ ದೇಶದ ಜಗದೀಶಚಂದ್ರ ಬೋಸರು, ಹೆಸರು ಮಾತ್ರ ಪರದೇಶದವರಿಗೆ ಹೋಯಿತು ಎಂದು ದನಿ ಏರಿಸಿ ಹೇಳಿದೆ. ನೀವೂ ಜೋರಾಗಿ ಚಪ್ಪಾಳೆ ಹೊಡೆದಿರಿ. ಮಧ್ಯಾಹ್ನ ಊಟದ ಹೊತ್ತಿಗೆ ಎಂಟನೇ ತರಗತಿಯ ಒಬ್ಬ ಹುಡುಗಿ ಗ್ರಂಥಾಲಯದ ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಬೋಸರು ತೀರಿಕೊಂಡದ್ದು 1937ರಲ್ಲಿ, ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ ಅಂತ ಇದರಾಗ ಬರದಾರಲ್ರಿ ಸರ್, ಹೆಂಗ ಅಂತ ಕೇಳಿದಳು. ನನ್ನ ಹತ್ರ ಉತ್ತರ ಇರಲಿಲ್ಲ. ಆಮ್ಯಾಲೆ ಹೇಳತೇನಿ ಹೋಗವಾ ಅಂದೆ.

ಹದಿನೆಂಟು ವರ್ಷದಿಂದ ನಾನು ಇದೇ ಮಾತನ್ನು ಹೇಳುತ್ತ ಬಂದೇನಿ. ಯಾವುದೋ ಭಾಷಣದಲ್ಲಿ ಕೇಳಿದ್ದು. ಒಮ್ಮೆಯೂ ಪುಸ್ತಕ ತೆಗೆದು ನೋಡಿರಲಿಲ್ಲ. ತಪ್ಪು ಹೇಳಿದ್ದು ಎಲ್ಲರ ಮುಂದೆ, ಹಂಗಾಗಿ ತಿದ್ದುಪಡಿಯೂ ಎಲ್ಲರೂ ಓದುವ ಗೋಡೆಯ ಮೇಲೆಯೇ ಆಗಬೇಕು ಅಂತ ಕನ್ನಡ ಅಕ್ಕೋರ ಹತ್ತಿರ ಹಾಳಿ ಕೇಳಿದೆ. ಅವರು ಎರಡು ದೊಡ್ಡ ಡ್ರಾಯಿಂಗ್ ಶೀಟ್ ಕೊಟ್ಟಾರ. ಅಕ್ಷರ ಒಂಬತ್ತನೇ ತರಗತಿಯವರದು, ವಿಷಯ ನನ್ನದು.

ಮೊದಲು ನಮ್ಮ ಮನೆಯ ಮಾತು. ನಾನು ಸಣ್ಣವನಿದ್ದಾಗ ನಮ್ಮಪ್ಪ ಹತ್ತಿ ಮಾರಲಿಕ್ಕೆ ಹುಬ್ಬಳ್ಳಿಗೆ ಹೋದವರು ಬರುವಾಗ ದುರ್ಗದಬೈಲಿನ ಕಡೆಯಿಂದ ಒಂದು ಟ್ರಾನ್ಸಿಸ್ಟರ್ ತಂದರು. ಅದಕ್ಕೊಂದು ಚರ್ಮದ ಚೀಲ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಪೋಸ್ಟ್ ಆಫೀಸಿನಲ್ಲಿ ಅದಕ್ಕೆ ಲೈಸೆನ್ಸ್ ಬೇರೆ ಮಾಡಿಸಬೇಕಿತ್ತು ಅಂದರೆ ನೀವು ನಗತೀರಿ. ನಮ್ಮ ಮನೆಗೆ ಆಗಿನ್ನೂ ಕರೆಂಟ್ ಬಂದಿರಲಿಲ್ಲ. ಸಂಜೆಯಾದರೆ ಕಟ್ಟೆಯ ಮೇಲೆ ಅದನ್ನಿಟ್ಟು ಧಾರವಾಡ ಕೇಂದ್ರ ಹಚ್ಚುತ್ತಿದ್ದರು. ಓಣಿಯ ಮಂದಿ ಬಂದು ಕೂಡುತ್ತಿದ್ದರು. ಓದಲು ಬಾರದ ನಮ್ಮವ್ವನಿಗೆ ದಿಲ್ಲಿಯ ಸುದ್ದಿ ನನಗಿಂತ ಮೊದಲು ಗೊತ್ತಾಗುತ್ತಿತ್ತು.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆದರೆ ನಮ್ಮಂಥ ಮನೆಗಳಿಗೆ ಅದು ಬಂದು ಮುಟ್ಟಿದ್ದು ಟ್ರಾನ್ಸಿಸ್ಟರ್ ಬಂದ ಮೇಲೆಯೇ. ಅದಕ್ಕೂ ಹಿಂದಿನದು ವಾಲ್ವ್ ರೇಡಿಯೋ. ಟ್ರಂಕಿನಂಥ ಪೆಟ್ಟಿಗೆ, ಒಳಗೆ ಬಲ್ಬಿನ ಹಾಗಿರುವ ಗಾಜಿನ ವಾಲ್ವುಗಳು. ಅವು ಕಾದು ಕೆಂಪಗಾಗುವ ತನಕ ದನಿ ಬರೂದಿಲ್ಲ. ಕರೆಂಟ್ ಬೇಕು, ಇಲ್ಲದಿದ್ದರೆ ಹೊರಲಾರದಂಥ ಬ್ಯಾಟರಿ ಬೇಕು. ಅದನ್ನು ಹೊಲಕ್ಕೆ ಯಾರು ಒಯ್ಯಬೇಕು? ಟ್ರಾನ್ಸಿಸ್ಟರ್ ಬಂದ ಮೇಲೆ ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಹಾಡು ಎತ್ತಿನ ಕೊರಳ ಗಂಟೆಯ ಜೋಡಿ ಹೊಲದಾಗ ಕೇಳಿಸಿತು.

ನಾವು ಇಡೀ ಪೆಟ್ಟಿಗೆಗೇ ಟ್ರಾನ್ಸಿಸ್ಟರ್ ಅನ್ನುತ್ತಿದ್ದೆವು. ಖರೇ ಅಂದರೆ ಅದು ಒಳಗಿನ ಒಂದು ಸಣ್ಣ ಭಾಗದ ಹೆಸರು. ಒಮ್ಮೆ ಅದು ಕೆಟ್ಟಾಗ ಹುಬ್ಬಳ್ಳಿಯ ರಿಪೇರಿಯವರು ನನ್ನ ಮುಂದೆಯೇ ಬಿಚ್ಚಿ ತೋರಿಸಿದ್ದರು. ವಟಾಣಿ ಕಾಳಿನಷ್ಟು ಇರುವ, ಮೂರು ತೆಳ್ಳನ್ನ ಕಾಲಿನ ನಾಲ್ಕಾರು ತುಣುಕುಗಳು. ಇಷ್ಟು ಸಣ್ಣದು ಆ ಟ್ರಂಕಿನಂಥ ಪೆಟ್ಟಿಗೆಯ ಕೆಲಸ ಮಾಡತೈತಿ ಅಂದರೆ ನನಗೆ ನಂಬಿಕೆ ಬರಲಿಲ್ಲ. ನಾನು ವಿಜ್ಞಾನ ಕಲಿಯಲು ಅದೂ ಒಂದು ಕಾರಣ.

ಈಗ ಬೋಸರ ಕಡೆ ಬರೋಣ.

ಅವರು ಹುಟ್ಟಿದ್ದು 1858ರ ನವೆಂಬರ್ 30ರಂದು, ಮೈಮನಸಿಂಗ್ ಎಂಬಲ್ಲಿ. ಆಗ ಅದು ಬಂಗಾಳ ಪ್ರಾಂತ, ಇವತ್ತು ಬಾಂಗ್ಲಾದೇಶ. ತಂದೆ ಭಗವಾನಚಂದ್ರ ಬೋಸರು ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅಂಥ ಅಧಿಕಾರಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವುದು ಮರ್ಯಾದೆಯ ಮಾತಾಗಿದ್ದ ಕಾಲ ಅದು. ಇವರು ಮಗನನ್ನು ಬಂಗಾಳಿ ಶಾಲೆಗೆ ಹಾಕಿದರು. ತರಗತಿಯಲ್ಲಿ ಅವನ ಒಂದು ಬದಿಗೆ ತಂದೆಯ ಕಚೇರಿ ಜವಾನನ ಮಗ, ಇನ್ನೊಂದು ಬದಿಗೆ ಮೀನುಗಾರನ ಮಗ. ಆ ಹುಡುಗರ ಬಾಯಿಂದ ಹಕ್ಕಿ, ಪ್ರಾಣಿ, ನೀರಿನ ಜೀವಿಗಳ ಕಥೆ ಕೇಳಿ ಕೇಳಿಯೇ ತನಗೆ ಪ್ರಕೃತಿಯ ಹುಚ್ಚು ಹತ್ತಿತೆಂದು ಬೋಸರು ಮುಂದೆ ನೆನೆಯುತ್ತಿದ್ದರು. ಕನ್ನಡ ಶಾಲೆಯವರು ಅಂತ ನಾಚುವ ಹುಡುಗರು ನಮ್ಮಲ್ಲೂ ಇದ್ದಾರೆ, ಅವರಿಗಾಗಿ ಈ ಮಾತನ್ನು ಸ್ವಲ್ಪ ಉದ್ದ ಬರೆದೆ.

ಆಮೇಲೆ ಕಲಕತ್ತೆಯ ಸೇಂಟ್ ಝೇವಿಯರ್ಸ್. ಅಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಪ್ರಯೋಗ ಮಾಡಿ ತೋರಿಸಿ ಭೌತಶಾಸ್ತ್ರ ಕಲಿಸುತ್ತಿದ್ದರು. ಬಿ.ಎ. ಮುಗಿಸಿ 1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಮೊದಲೇ ಹತ್ತಿದ್ದ ಜ್ವರ ಬಿಡಲಿಲ್ಲ, ಹೆಣ ಕೊಯ್ಯುವ ಕೋಣೆಯ ವಾಸನೆಗೆ ಇನ್ನೂ ಹೆಚ್ಚಾಯಿತು. ಡಾಕ್ಟರಿಕೆ ಬಿಟ್ಟು ಕೇಂಬ್ರಿಜ್ಜಿಗೆ ಹೋಗಿ ವಿಜ್ಞಾನ ಓದಿದರು. ಅಲ್ಲಿ ಲಾರ್ಡ್ ರೇಲೆಯವರು ಅವರ ಗುರುಗಳು.

1885ರಲ್ಲಿ ತಿರುಗಿ ಬಂದು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಇಲ್ಲಿ ಒಂದು ಲೆಕ್ಕ ಮಾಡಬೇಕು, ಪಾಟಿ ತಗೊಳ್ರಿ. ಯುರೋಪಿನ ಅಧ್ಯಾಪಕರಿಗೆ 300 ರೂಪಾಯಿ ಪಗಾರ ಅಂತ ಇಟ್ಟುಕೊಳ್ಳಿ. ಅದೇ ಕೆಲಸ ಮಾಡುವ ಭಾರತೀಯನಿಗೆ ಮೂರರಲ್ಲಿ ಎರಡು ಪಾಲು, ಅಂದರೆ 200. ಬೋಸರ ನೇಮಕ ಹಂಗಾಮಿ ಆದ್ದರಿಂದ ಅದರಲ್ಲಿ ಅರ್ಧ, ಅಂದರೆ 100. ಬೋಸರು ಜಗಳಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ದಿನಾ ಹೋಗಿ ಚೆನ್ನಾಗಿ ಪಾಠ ಮಾಡಿದರು, ಪಗಾರ ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ತಂದೆ ಊರ ಜನರ ಕೆಲಸಕ್ಕೆಂದು ಕೈಹಾಕಿ ಸಾಲ ಮಾಡಿಕೊಂಡಿದ್ದರು. ಅದರ ನಡುವೆಯೇ 1887ರಲ್ಲಿ ಮದುವೆಯಾಯಿತು. ಹೆಂಡತಿ ಅಬಲಾ ಅವರು ಮದ್ರಾಸಿನಲ್ಲಿ ವೈದ್ಯಕೀಯ ಓದಿದ್ದವರು, ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಕೊನೆಗೆ ಸರಕಾರವೇ ಸೋತು ಪೂರ್ಣ ಪಗಾರವನ್ನು ಹಿಂದಿನ ಬಾಕಿ ಸಮೇತ ಕೊಟ್ಟಿತು. ಆ ರೊಕ್ಕ ತಂದೆಯ ಸಾಲಕ್ಕೆ ಹೋಯಿತು. ಒಂದು ತಿಂಗಳ ಪಗಾರ ಹತ್ತು ದಿನ ತಡವಾದರೆ ನಮ್ಮ ಸ್ಟಾಫ್ ರೂಮಿನಲ್ಲಿ ಏನೇನು ಮಾತು ಬರತಾವು ಅನ್ನೋದು ನಿಮಗೆ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ.

ಕಾಲೇಜಿನಲ್ಲಿ ಹೇಳಿಕೊಳ್ಳುವಂಥ ಪ್ರಯೋಗಶಾಲೆ ಇರಲಿಲ್ಲ. ಬೋಸರಿಗೆ ಸಿಕ್ಕಿದ್ದು ಬರೀ 24 ಚದರ ಅಡಿಯ ಒಂದು ಮೂಲೆ. ನಮ್ಮ ಬಿಸಿಯೂಟದ ಅಕ್ಕಿ ಇಡುವ ಕೋಣೆ ಅದಕ್ಕಿಂತ ದೊಡ್ಡದೈತಿ. ಒಬ್ಬ ತಗಡಿನ ಕೆಲಸದವನಿಗೆ ಕಲಿಸಿ ಅವನ ಕೈಯಿಂದ ಉಪಕರಣ ಮಾಡಿಸಿಕೊಂಡರು. ಅದೂ ಎಂಥ ಕೆಲಸಕ್ಕೆ? ಜರ್ಮನಿಯ ಹರ್ಟ್ಜ್ ಎಂಬವರು ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳನ್ನು 1887-88ರಲ್ಲಿ ತೋರಿಸಿಕೊಟ್ಟಿದ್ದರು. ಇವತ್ತು ನಾವು ರೇಡಿಯೋ ಅಲೆ ಅನ್ನುವುದು ಅದಕ್ಕೇ. ಹರ್ಟ್ಜ್ ಅವರ ಅಲೆಗಳು ಉದ್ದ. ಬೋಸರು ಕೇವಲ 5 ಮಿಲಿಮೀಟರ್ ಉದ್ದದ, ಅಂದರೆ ಅಕ್ಕಿಕಾಳಿನಷ್ಟು ಗಿಡ್ಡ ಅಲೆಗಳನ್ನು ಎಬ್ಬಿಸಿದರು. ಆಗ ಜಗತ್ತಿನಲ್ಲಿ ಅದು ಬೇರೆ ಯಾರಿಗೂ ಸಾಧಿಸಿರಲಿಲ್ಲ.

1895ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ ಎಲ್ಲರ ಎದುರು ಪ್ರಯೋಗ ತೋರಿಸಿದರು. ಅಲೆಗಳು ಗೋಡೆ ದಾಟಿ ಹೋಗಿ ಸುಮಾರು 75 ಅಡಿ ದೂರದ ಗಂಟೆ ಬಾರಿಸಿದವು, ಮದ್ದು ಸಿಡಿಸಿದವು. ನಡುವೆ ತಂತಿ ಇಲ್ಲ, ದಾರ ಇಲ್ಲ.

ಅವರ ಸಾಮಾನುಗಳ ಸುದ್ದಿ ಹೇಳಲೇಬೇಕು. ಈ ಅಲೆಗಳು ಯಾವ ದಿಕ್ಕಿನಲ್ಲಿ ಅಲುಗಾಡುತ್ತವೆ ಎಂದು ತಿಳಿಯಲು ಅವರು ಹಿಡಿದದ್ದು ಒಂದು ದಪ್ಪ ರೈಲ್ವೆ ಟೈಮ್‌ಟೇಬಲ್ ಪುಸ್ತಕ! ಕಿಟಕಿಯ ಸರಳಿನ ಸಂದಿಯಲ್ಲಿ ಕೋಲನ್ನು ಉದ್ದಕ್ಕೆ ಹಿಡಿದರೆ ಪಾರಾಗತೈತಿ, ಅಡ್ಡ ಹಿಡಿದರೆ ತಡೀತೈತಿ, ಹೌದಲ್ಲೋ? ಹಾಗೆಯೇ ಆ ಪುಸ್ತಕದ ಹಾಳೆಗಳು ಒಂದು ದಿಕ್ಕಿನ ಅಲೆಯನ್ನು ಬಿಟ್ಟು ಇನ್ನೊಂದು ದಿಕ್ಕಿನದನ್ನು ತಡೆದವು. ಇನ್ನೊಂದು ಪ್ರಯೋಗಕ್ಕೆ ಸೆಣಬಿನ ನಾರನ್ನೇ ಹುರಿ ಹೊಸೆದು ಬಳಸಿದರು. ರೈಲ್ವೆ ಪುಸ್ತಕ ಹುಬ್ಬಳ್ಳಿ ಸ್ಟೇಷನ್ನಿನಲ್ಲೂ ಸಿಗುತ್ತಿತ್ತು, ಸೆಣಬಿನ ಚೀಲ ನಮ್ಮ ಎಲ್ಲರ ಮನೆಯಲ್ಲೂ ಐತಿ. ಸಾಮಾನು ಇಲ್ಲ ಅಂತ ಪ್ರಯೋಗ ಬಿಟ್ಟ ದಿನಗಳು ನನಗೆ ಈಗ ನೆನಪಾಗತಾವು.

ಈಗ ನನ್ನ ತಪ್ಪಿಗೆ ಸಂಬಂಧಪಟ್ಟ ಭಾಗ. ಅಲೆ ಎಬ್ಬಿಸಿದರೆ ಸಾಲದು, ಅದು ಬಂದದ್ದು ಗೊತ್ತಾಗಬೇಕು. ಬೋಸರು ನಾನಾ ಲೋಹ, ನಾನಾ ಕಲ್ಲುಗಳನ್ನು ಪರೀಕ್ಷಿಸಿ, ಗೆಲೀನಾ ಎಂಬ ಹರಳನ್ನು ಹಿಡಿದರು. ಅದು ಸೀಸದ ಅದಿರು, ಬೂದು ಬಣ್ಣ, ಮುರಿದರೆ ಫಳಫಳ ಹೊಳೆಯುತ್ತದೆ. ಆ ಹರಳಿಗೆ ಲೋಹದ ಮೊನೆಯನ್ನು ಹಗುರವಾಗಿ ತಾಗಿಸಿ ಇಟ್ಟರೆ ಅದು ಬಂದ ಅಲೆಯನ್ನು ಗುರುತಿಸುತ್ತಿತ್ತು, ಬೆಳಕನ್ನೂ ಗುರುತಿಸುತ್ತಿತ್ತು.

ಹರಳಿನ ಗುಟ್ಟೇನು? ಬಾವಿಗೆ ಪಂಪ್‌ಸೆಟ್ ಇದ್ದ ಮನೆಯ ಮಕ್ಕಳಿಗೆ ಫುಟ್‌ವಾಲ್ವ್ ಗೊತ್ತಿರತೈತಿ. ನೀರನ್ನು ಮೇಲಕ್ಕೆ ಬಿಡತೈತಿ, ಕೆಳಗೆ ಇಳಿಯಗೊಡೂದಿಲ್ಲ. ಧಾರವಾಡ ಕೇಂದ್ರವನ್ನು ನಾವು ಕೇಳುತ್ತಿದ್ದದ್ದು 765 ಕಿಲೋಹರ್ಟ್ಜ್‌ನಲ್ಲಿ. ಅಂದರೆ ಅದರ ಅಲೆ ಏರಿಯಲ್ಲಿನ ಕರೆಂಟನ್ನು ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಹಿಂದೆ ಮುಂದೆ ಜಗ್ಗುತ್ತದೆ. ಮುಂದೆ ಎಷ್ಟೋ ಹಿಂದೆಯೂ ಅಷ್ಟೇ. ಹಿಂಗಾದರೆ ಕಿವಿಗೆ ಇಡುವ ಯಂತ್ರದ ತಗಡು ಇದ್ದಲ್ಲೇ ಇರತೈತಿ, ದನಿ ಹುಟ್ಟೂದಿಲ್ಲ. ನಡುವೆ ಒಂದು ಫುಟ್‌ವಾಲ್ವ್ ಇಟ್ಟರೆ ಹಿಂದಿನ ಜಗ್ಗಾಟ ನಿಂತು ಮುಂದಿನದಷ್ಟೇ ಉಳಿಯುತ್ತದೆ. ಆಗ ಅಲೆಯ ಮೇಲೆ ಸವಾರಿ ಮಾಡಿ ಬಂದ ಮಾತು, ಹಾಡು ಕೇಳಿಸುತ್ತದೆ. ಹರಳು ಕರೆಂಟಿಗೆ ಅಂಥ ಫುಟ್‌ವಾಲ್ವ್. ತಾಮ್ರದಂತೆ ಕರೆಂಟನ್ನು ಸಲೀಸಾಗಿ ಬಿಡುವುದೂ ಅಲ್ಲ, ಗಾಜಿನಂತೆ ಪೂರಾ ತಡೆಯುವುದೂ ಅಲ್ಲ. ಅದಕ್ಕೇ ಇಂಥ ವಸ್ತುಗಳಿಗೆ ಅರೆವಾಹಕ ಎಂದು ಹೆಸರು.

1901ರ ಸೆಪ್ಟೆಂಬರ್ 30ರಂದು ಈ ಹರಳಿನ ಉಪಕರಣದ ಪೇಟೆಂಟಿಗೆ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರ ಮಾರ್ಚ್ 29ರಂದು ಮಂಜೂರಾಯಿತು. ಅರೆವಾಹಕದಿಂದ ಮಾಡಿದ ಉಪಕರಣಕ್ಕೆ ಸಿಕ್ಕ ಮೊದಲ ಪೇಟೆಂಟ್ ಅದೇ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಅದನ್ನಾದರೂ ಬೋಸರು ತಾವಾಗಿ ಮಾಡಿಸಲಿಲ್ಲ. ಸಾರಾ ಬುಲ್ ಎಂಬ ಅಮೆರಿಕದ ಹೆಣ್ಣುಮಗಳು ಮತ್ತು ಸೋದರಿ ನಿವೇದಿತಾ ಬೆನ್ನು ಹತ್ತಿ ಮಾಡಿಸಿದರು. ಜ್ಞಾನವನ್ನು ಮಾರಬಾರದು ಅನ್ನುವುದು ಬೋಸರ ಹಟ. ಲಂಡನ್ನಿನಲ್ಲಿ ಒಬ್ಬ ದೊಡ್ಡ ಕಾರಖಾನೆಯ ಮಾಲೀಕರು ಲಾಭದಲ್ಲಿ ಪಾಲು ಕೊಡತೇವಿ ಅಂದರೂ ಒಪ್ಪಲಿಲ್ಲ. ಸಿಕ್ಕ ಪೇಟೆಂಟಿನಿಂದಲೂ ಹಣ ಮಾಡಲಿಲ್ಲ.

ಇದನ್ನು ಓದಿದಾಗ ನನಗೆ ಎರಡು ಮನಸ್ಸಾಯಿತು. ಮೂರು ವರ್ಷ ಪಗಾರ ಮುಟ್ಟದವರು ಇದಕ್ಕೂ ಕೈಚಾಚಲಿಲ್ಲ, ದೊಡ್ಡದೇ. ಆದರೆ ಆ ಹರಳನ್ನು ಕಲಕತ್ತೆಯಲ್ಲೇ ನಾಲ್ಕು ಮಂದಿ ಶಿಷ್ಯರು ಮುಂದುವರಿಸಿದ್ದರೆ, ಒಂದು ಸಣ್ಣ ಕಾರಖಾನೆ ಎದ್ದಿದ್ದರೆ, ನಮ್ಮಪ್ಪನ ಟ್ರಾನ್ಸಿಸ್ಟರ್ ಅವರ ಅಪ್ಪನ ಕಾಲಕ್ಕೇ ಬರುತ್ತಿತ್ತೇನೋ ಅನಿಸುತ್ತದೆ. ಬೋಸರ ಮನಸ್ಸು ಅಷ್ಟರಲ್ಲಿ ಗಿಡಗಳ ಕಡೆ ಹೋಗಿತ್ತು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಮಾಡಿದರು. ಗಿಡಗಳ ಬಗ್ಗೆ ಅವರು ಹೇಳಿದ್ದರಲ್ಲಿ ಕೆಲವನ್ನು ವಿಜ್ಞಾನಿಗಳು ಒಪ್ಪಿದರು, ಕೆಲವಕ್ಕೆ ತಕರಾರು ಎತ್ತಿದರು. 1917ರಲ್ಲಿ ತಮ್ಮ ಹುಟ್ಟುಹಬ್ಬದ ದಿನ ಕಲಕತ್ತೆಯಲ್ಲಿ ಬೋಸ್ ಸಂಶೋಧನಾ ಸಂಸ್ಥೆ ಕಟ್ಟಿದರು, ಅದು ಇವತ್ತಿಗೂ ನಡೆದಿದೆ. 1937ರ ನವೆಂಬರ್ 23ರಂದು ಗಿರಿಡಿ ಎಂಬಲ್ಲಿ ನಿಧನರಾದರು. ಇನ್ನೊಂದು ವಾರ ಬದುಕಿದ್ದರೆ 79 ತುಂಬುತ್ತಿತ್ತು.

ಅವರು ಹೋದ ಮೇಲೆ ಹರಳಿನ ಕಥೆ ಏನಾಯಿತು? 1920ರ ಸುಮಾರಿಗೆ ಹರಳಿನ ರೇಡಿಯೋ ಮನೆಮನೆಗೆ ಬಂದಿತ್ತು. ಬ್ಯಾಟರಿಯೇ ಬೇಡ, ಆದರೆ ಕಿವಿಗೆ ಇಟ್ಟುಕೊಂಡ ಒಬ್ಬನಿಗಷ್ಟೇ ಕೇಳುತ್ತಿತ್ತು. ಹರಳು ದನಿಯನ್ನು ತೋರಿಸುತ್ತದೆ, ದೊಡ್ಡದು ಮಾಡುವುದಿಲ್ಲ. ದೊಡ್ಡದು ಮಾಡುವ ಗಾಜಿನ ವಾಲ್ವ್ ಬಂತು, ಹರಳು ಮೂಲೆಗೆ ಹೋಯಿತು. ಎರಡನೇ ಮಹಾಯುದ್ಧ ಬಂದಾಗ ವಿಮಾನ ಪತ್ತೆಹಚ್ಚುವ ರಡಾರಿಗೆ ಬಲು ಗಿಡ್ಡ ಅಲೆ ಬೇಕಾಯಿತು. ಅಂಥ ಅಲೆಯನ್ನು ಗುರುತಿಸುವುದರಲ್ಲಿ ವಾಲ್ವುಗಳು ಸೋತವು. ಮತ್ತೆ ಹರಳೇ ಗತಿಯಾಯಿತು. ಗಿಡ್ಡ ಅಲೆ, ಅದಕ್ಕೆ ಹರಳು: ಬೋಸರು ನಲವತ್ತು ವರ್ಷದ ಹಿಂದೆ ನಿಂತಿದ್ದ ಜಾಗಕ್ಕೇ ಎಲ್ಲರೂ ಬಂದಂತಾಯಿತು. ಅದಕ್ಕಾಗಿ ಜರ್ಮೇನಿಯಂ, ಸಿಲಿಕಾನ್ ಎಂಬ ಅರೆವಾಹಕಗಳನ್ನು ಬಹಳ ಶುದ್ಧಮಾಡಲು ಕಲಿತರು.

ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಅಂಥ ಜರ್ಮೇನಿಯಂ ತುಂಡನ್ನು ಹಿಡಿದು ಕೂತರು. ಪ್ಲಾಸ್ಟಿಕ್ಕಿನ ಮೂರು ಮೂಲೆಯ ಒಂದು ಚೂರು, ಅದರ ಅಂಚಿಗೆ ಬಂಗಾರದ ತೆಳು ಹಾಳೆ. ಹಾಳೆಯನ್ನು ತುದಿಯಲ್ಲಿ ಬ್ಲೇಡಿನಿಂದ ಸೀಳಿ ಎರಡು ಮೊನೆ ಮಾಡಿ, ಸ್ಪ್ರಿಂಗಿನಿಂದ ಹರಳಿನ ಮೇಲೆ ಒತ್ತಿದರು. ಬೋಸರ ಹರಳಿಗೆ ಒಂದು ಮೊನೆ ಇತ್ತು, ಇಲ್ಲಿ ಕೂದಲೆಳೆಯ ಅಂತರದಲ್ಲಿ ಎರಡು. ಒಂದು ಮೊನೆಯ ಸಣ್ಣ ಕರೆಂಟು ಇನ್ನೊಂದರ ದೊಡ್ಡ ಕರೆಂಟನ್ನು ಹಿಡಿತದಲ್ಲಿಟ್ಟಿತು. 1947ರ ಡಿಸೆಂಬರ್ 23ರಂದು ಮೇಲಿನವರಿಗೆ ದನಿ ದೊಡ್ಡದಾಗುವುದನ್ನು ಕೇಳಿಸಿದರು. ಬೋಸರು ತೀರಿಕೊಂಡು ಹತ್ತು ವರ್ಷ, ಒಂದು ತಿಂಗಳು ಆಗಿತ್ತು. ಆ ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿ ಇನ್ನೂ ಗಟ್ಟಿಯಾದ ಬೇರೊಂದು ಬಗೆಯನ್ನು ಮರುವರ್ಷ ಯೋಚಿಸಿದರು. ಮೂವರಿಗೂ ಕೂಡಿ 1956ರ ನೊಬೆಲ್ ಬಂತು.

ದೊಡ್ಡದು ಮಾಡುವುದು ಅಂದರೆ ಹೆಂಗ ಅಂತ ಕೇಳಿದರೆ ಮನೆಯ ನಳ ನೋಡ್ರಿ. ನಳ ತಿರುಗಿಸಲು ಎರಡು ಬೆರಳು ಸಾಕು, ಬರುವ ನೀರು ಮಾತ್ರ ಟಾಕಿಯ ಜೋರಿನದು. ಟ್ರಾನ್ಸಿಸ್ಟರಿನಲ್ಲಿ ಧಾರವಾಡದಿಂದ ಬಂದ ಬಡ ಅಲೆ ಆ ಎರಡು ಬೆರಳು, ಸೆಲ್ಲು ನೀರಿನ ಟಾಕಿ. ಅಲೆ ಕುಣಿದಂತೆ ಸೆಲ್ಲಿನ ಕರೆಂಟೂ ಕುಣಿದು ಸ್ಪೀಕರಿಗೆ ಹೋಗತೈತಿ. ಕಾಯಿಸುವ ತಂತಿ ಇಲ್ಲ, ಗಾಜು ಇಲ್ಲ. ಹಂಗಾಗಿ ಸಣ್ಣದು, ತಂಪು, ಸೆಲ್ಲು ತಿಂಗಳುಗಟ್ಟಲೆ ಬಾಳುತ್ತದೆ. ಮೂರು ಕಾಲು ಯಾಕೆ ಅನ್ನುವುದೂ ಇದರಿಂದಲೇ ತಿಳಿಯತೈತಿ: ಹೆಚ್ಚುಕಡಿಮೆ ನೀರು ಬರುವ ದಾರಿ, ಹೋಗುವ ದಾರಿ, ತಿರುಗಿಸುವ ಹಿಡಿಕೆ.

1954ರಲ್ಲಿ ಅಮೆರಿಕದಲ್ಲಿ ನಾಲ್ಕೇ ಟ್ರಾನ್ಸಿಸ್ಟರಿನ ಮೊದಲ ಕಿಸೆ ರೇಡಿಯೋ ಮಾರಾಟಕ್ಕೆ ಬಂತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ಸರಕಾರಿ ಕಾರಖಾನೆ ಹುಟ್ಟಿತು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿದರು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು ಮಾಡಲು ಶುರು ಮಾಡಿದರು. ಹಳೆಯದೂ ಹೊಸದೂ ಒಂದು ವರ್ಷದ ಅಂತರದಲ್ಲಿ ನಮ್ಮ ರಾಜ್ಯದಲ್ಲಿ ತಯಾರಾದದ್ದು ನನಗೆ ಮೋಜು ಅನಿಸಿತು. ಈಗ ನಿಮ್ಮ ಮನೆಯ ಮೊಬೈಲಿನೊಳಗಿನ ಉಗುರಿನಷ್ಟು ಚಿಪ್ಪಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರತಾವು. ಕಾಲು ಎಣಿಸಲು ಹೋಗಬೇಡಿ.

ಇನ್ನು ತಿದ್ದುಪಡಿ. ಟ್ರಾನ್ಸಿಸ್ಟರನ್ನು ಬೋಸರು ಕಂಡುಹಿಡಿಯಲಿಲ್ಲ. ಹರಳು ಕರೆಂಟನ್ನು ಒಂದೇ ಕಡೆ ಯಾಕೆ ಬಿಡುತ್ತದೆ ಎಂಬುದೂ ಅವರ ಕಾಲಕ್ಕೆ ತಿಳಿದಿರಲಿಲ್ಲ. ಅರೆವಾಹಕ ಅಂದರೇನು ಎಂಬ ಸಿದ್ಧಾಂತವೇ ಬಂದದ್ದು 1931ರಲ್ಲಿ, ಇಂಗ್ಲೆಂಡಿನ ಅಲನ್ ವಿಲ್ಸನ್ ಅವರಿಂದ. ಆದರೆ ರೇಡಿಯೋ ಅಲೆ ಹಿಡಿಯಲು ಅರೆವಾಹಕ ಹರಳನ್ನು ಮೊದಲು ಬಳಸಿದವರು ಬೋಸರು. ಇದನ್ನು ನಾವು ಅಭಿಮಾನಕ್ಕೆ ಹೇಳುವುದಲ್ಲ. ಟ್ರಾನ್ಸಿಸ್ಟರ್ ಮಾಡಿದ ಬ್ರಾಟೇನ್ ಅವರೇ 1955ರಲ್ಲಿ ಜೊತೆಗಾರರೊಬ್ಬರೊಂದಿಗೆ ಅರೆವಾಹಕದ ಇತಿಹಾಸ ಬರೆಯುವಾಗ ಬೋಸರ ಹೆಸರು ಹಾಕಿ ಒಪ್ಪಿಕೊಂಡಿದ್ದಾರೆ. 2012ರಲ್ಲಿ ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು ಅವರ ಗಿಡ್ಡ ಅಲೆಗಳ ಪ್ರಯೋಗವನ್ನು ಮೈಲಿಗಲ್ಲು ಎಂದು ಗುರುತಿಸಿತು. ಮಾರ್ಕೋನಿ ಬೋಸರ ರೇಡಿಯೋ ಕದ್ದರು ಅಂತಲೂ ನಾನು ಹೇಳಿದ್ದೆ. ಅದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 1901ರಲ್ಲಿ ಸಮುದ್ರದಾಚೆಯ ಸಂಕೇತ ಹಿಡಿಯಲು ಮಾರ್ಕೋನಿ ಬಳಸಿದ ಪಾದರಸದ ಉಪಕರಣದ ಮೂಲ ಬೋಸರದು ಎಂದು ವಾದಿಸುವ ವಿದ್ವಾಂಸರು ಇದ್ದಾರೆ, ಒಪ್ಪದವರೂ ಇದ್ದಾರೆ. ದೂರದೂರಕ್ಕೆ ಸುದ್ದಿ ಕಳಿಸುವ ಛಲ ಮತ್ತು ವ್ಯಾಪಾರ ಮಾತ್ರ ಮಾರ್ಕೋನಿಯದೇ.

ನನ್ನನ್ನು ಕೇಳಿದ ಹುಡುಗಿಯ ಹೆಸರು ಹಾಕಬ್ಯಾಡ್ರಿ ಅಂತ ಅವಳೇ ಹೇಳ್ಯಾಳ, ಹಾಕಿಲ್ಲ.

ನಮ್ಮಪ್ಪನ ಟ್ರಾನ್ಸಿಸ್ಟರ್ ಈಗ ಮಾತಾಡೂದಿಲ್ಲ, ಆದರೆ ಅಟ್ಟದ ಮೇಲೆ ಐತಿ. ಶನಿವಾರ ಶಾಲೆಗೆ ತರತೇನಿ. ಶಾಲೆ ಬಿಟ್ಟ ಮೇಲೆ ವಿಜ್ಞಾನ ಕೋಣೆಯಲ್ಲಿ ಬಿಚ್ಚಿ ಮೂರು ಕಾಲಿನವನ್ನು ಎಣಿಸೋಣ. ಸಣ್ಣ ಸ್ಕ್ರೂ ಡ್ರೈವರ್ ಇದ್ದವರು ತಗೊಂಡು ಬರ್ರಿ. ಈ ಬರಹದಲ್ಲಿ ಮತ್ತೇನಾದರೂ ತಪ್ಪು ಕಂಡರೆ ಕೆಳಗೆ ಜಾಗ ಬಿಟ್ಟೇನಿ, ಪೆನ್ಸಿಲಿನಿಂದ ಬರೀರಿ.

ನಿಮ್ಮ ವಿಜ್ಞಾನ ಮಾಸ್ತರು